ರಿಸೆಪ್ಟರ್ ತಡೆಯುವ ಸಣ್ಣ ಅಣು: ಸ್ಕೋರ್ ನೋಡುವ ಮೊದಲು ಮಾಡಬೇಕಾದ ಕೆಲಸಗಳು

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆಯಿಂದ ಎಂಎಸ್ಸಿ, ಬಿ.ಫಾರ್ಮ್ ಮಕ್ಕಳು ಒಮ್ಮೆ ನೋಡಿಕೊಡಿ ಎಂದು ಕಳಿಸುವ ಪ್ರಾಜೆಕ್ಟ್ ವರದಿಗಳು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಎಡವುತ್ತವೆ. ಲೂಪಸ್ಸೋ, ಸಂಧಿವಾತವೋ, ದೇಹದ ರಕ್ಷಣಾ ಪಡೆ ತನ್ನ ಮೇಲೆ ತಾನೇ ತಿರುಗಿ ಬೀಳುವ ಯಾವುದೋ ಒಂದು ಆಟೋಇಮ್ಯೂನ್ ಕಾಯಿಲೆ ಆರಿಸಿರುತ್ತಾರೆ. ಒಂದು ರಿಸೆಪ್ಟರ್, ಅಂದರೆ ಜೀವಕೋಶದಲ್ಲಿ ಸಂಕೇತ ಹಿಡಿಯುವ ಪ್ರೋಟೀನ್, ಅದರ ರಚನೆ ಡೌನ್‌ಲೋಡ್ ಆಗಿರುತ್ತದೆ. ನಮ್ಮ ಗಿಡಗಳ ಒಂದಷ್ಟು ಅಣುಗಳನ್ನು ಡಾಕ್ ಮಾಡಿ, ಅಂದರೆ ಅವು ಅದರಲ್ಲಿ ಹೇಗೆ ಕೂರುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಹಿಡಿತದ ಸ್ಕೋರ್ ಮೈನಸ್ 9.6 ಬಂದದ್ದನ್ನು (ಮೈನಸ್ ಹೆಚ್ಚಿದಷ್ಟೂ ಹಿಡಿತ ಗಟ್ಟಿ ಎಂದು ಲೆಕ್ಕ) "ಪ್ರಬಲ ತಡೆಕಾರಕ" ಎಂದು ಬರೆದಿರುತ್ತಾರೆ. ವೈವಾದಲ್ಲಿ "ಇದು ರಿಸೆಪ್ಟರನ್ನು ತಡೆಯುತ್ತದೋ, ಎಬ್ಬಿಸುತ್ತದೋ?" ಎಂದು ಕೇಳಿದರೆ ಮೌನ.

ಆ ಪ್ರಶ್ನೆಗೆ ಸ್ಕೋರ್ ಯಾವತ್ತೂ ಉತ್ತರ ಕೊಡುವುದಿಲ್ಲ. ಉತ್ತರ ಸಿಗುವುದು ಡಾಕಿಂಗ್‌ಗೆ ಮುಂಚಿನ ಹಂತಗಳಲ್ಲಿ, ಮಕ್ಕಳು ಬೇಸರವೆಂದು ಹಾರಿಸಿಬಿಡುವ ಹಂತಗಳಲ್ಲಿ. ಅದಕ್ಕೇ ಇಲ್ಲಿ ಹೊಸ ಅಣುಗಳ ಡಾಕಿಂಗ್ ಆರನೇ ಹಂತಕ್ಕೆ ಬರುತ್ತದೆ. ಉದಾಹರಣೆಗೆ ಉದ್ದಕ್ಕೂ ಟಿಎಲ್‌ಆರ್8 (ಟೋಲ್-ಲೈಕ್ ರಿಸೆಪ್ಟರ್ 8) ಎಂಬ ರಿಸೆಪ್ಟರನ್ನೇ ಇಟ್ಟುಕೊಂಡಿದ್ದೇನೆ. ಇದು ಜೀವಕೋಶದ ಒಳಗಿನ ಎಂಡೋಸೋಮ್ ಎಂಬ ಚೀಲದಲ್ಲಿ ಕೂತು, ಒಂಟಿ ಎಳೆಯ ಆರ್‌ಎನ್‌ಎ ಕಂಡರೆ ಎಚ್ಚರಿಕೆ ಕೊಡುತ್ತದೆ.

ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು, 16 ಇದ್ದರೆ ಆರಾಮ. ಲಿನಕ್ಸ್ ಇದ್ದರೆ ಒಳ್ಳೆಯದು. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ಬೇಕಾದ ಸಾಫ್ಟ್‌ವೇರ್ ಎಲ್ಲ ಉಚಿತ: ಡಾಕಿಂಗ್‌ಗೆ ಆಟೋಡಾಕ್ ವಿನಾ, ಫೈಲ್ ತಯಾರಿಗೆ ಮೀಕೊ ಮತ್ತು ಓಪನ್ ಬೇಬಲ್, ಅಣುಗಳ ಲೆಕ್ಕಕ್ಕೆ ಆರ್‌ಡಿಕಿಟ್, ಕಣ್ಣಿಂದ ನೋಡಲು ಕೈಮೆರಾಎಕ್ಸ್. ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಸಿಗುತ್ತವೆ. ಹಿಂದೆ ಪರೀಕ್ಷೆಯಾದ ಅಣುಗಳ ವಿವರ ಕೆಂಬಲ್‌ನಲ್ಲಿದೆ.

ಇನ್ನೊಂದು, ನೋಟ್‌ಬುಕ್. ಯಾವ ಫೈಲ್, ಯಾವ ಪಿಎಚ್, ಯಾವ ಬಾಕ್ಸ್ (ಡಾಕಿಂಗ್ ಹುಡುಕುವ ಜಾಗದ ಚೌಕಟ್ಟು) ಎಂದು ಅಂದಂದೇ ಬರೆದಿಡಿ. ಮೂರು ತಿಂಗಳ ಮೇಲೆ "ಫೈನಲ್2_ಹೊಸದು" ಎಂಬ ಫೈಲ್ ತೆರೆದು ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ಹಂತ 1: ಸಣ್ಣ ಅಣು ಕೂರಲು ಜಾಗ ಇದೆಯಾ ನೋಡಿ

ಕಾಯಿಲೆಯಲ್ಲಿ ದೊಡ್ಡ ಪಾತ್ರ ಇರುವ ರಿಸೆಪ್ಟರ್ ಎಲ್ಲವೂ ಸಣ್ಣ ಅಣುವಿಗೆ ಬಗ್ಗುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ ತರಹದ ಸೈಟೊಕೈನ್‌ಗಳು, ಅಂದರೆ ರಕ್ಷಣಾ ಕೋಶಗಳ ಸಂದೇಶ ಒಯ್ಯುವ ಪ್ರೋಟೀನುಗಳು, ತಮ್ಮ ರಿಸೆಪ್ಟರಿಗೆ ಅಂಟುವ ಮೇಲ್ಮೈ ಅಗಲ, ಚಪ್ಪಟೆ. 400 ಡಾಲ್ಟನ್ (ಅಣುತೂಕದ ಅಳತೆ) ಇರುವ ಅಣುವಿಗೆ ಅಲ್ಲಿ ಹಿಡಿತ ಸಿಗುವುದು ಬಹಳ ಕಷ್ಟ. ಅಲ್ಲಿ ಅಡಾಲಿಮುಮ್ಯಾಬ್‌ನಂಥ ಪ್ರತಿಕಾಯಗಳೇ ಸರಿ.

ಸಣ್ಣ ಅಣುಗಳು ಗೆದ್ದದ್ದು ಬೇರೆ ಕಡೆ. ಕೆಲವು ಸೈಟೊಕೈನ್ ರಿಸೆಪ್ಟರುಗಳನ್ನು ಹೊರಗಿನಿಂದ ತಡೆಯಲಾಗದೆ, ಒಳಗೆ ಸಂಕೇತ ಸಾಗಿಸುವ ಜ್ಯಾಕ್ ಕೈನೇಸ್ ಎಂಬ ಕಿಣ್ವಗಳನ್ನು ಹಿಡಿದರು. ಟೊಫಾಸಿಟಿನಿಬ್‌ಗೆ 2012ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಹಾಗೆ. ನೇರವಾಗಿ ರಿಸೆಪ್ಟರನ್ನೇ ತಡೆಯುವುದಕ್ಕೆ ಒಳ್ಳೆಯ ಉದಾಹರಣೆ ಅವಕೋಪಾನ್. ಅದು ಸಿ5ಎ ರಿಸೆಪ್ಟರ್ ತಡೆಯುತ್ತದೆ, 2021ರಲ್ಲಿ ಒಂದು ಬಗೆಯ ರಕ್ತನಾಳದ ಉರಿಯೂತಕ್ಕೆ ಬಂತು. ಈ ರಿಸೆಪ್ಟರ್ ಪೊರೆಯೊಳಗೆ ಹುದುಗಿರುವ ಜಿಪಿಸಿಆರ್ ಗುಂಪಿನದು, ಅಣು ಕೂರುವಂಥ ಪಾಕೆಟ್ ಅದಕ್ಕಿದೆ.

ಎರಡನೇ ಪ್ರಶ್ನೆ, ಈ ರಿಸೆಪ್ಟರ್ ಕಾಯಿಲೆಗೆ ಕಾರಣವೋ, ಸುಮ್ನೆ ಜೊತೆಗೆ ಕಾಣಿಸಿಕೊಳ್ಳುವುದೋ? "ರೋಗಿಗಳಲ್ಲಿ ಜಾಸ್ತಿ ಇದೆ" ಎನ್ನುವುದು ಸಾಲದು. ತಳಿಶಾಸ್ತ್ರದ ಸಾಕ್ಷಿ ಹುಡುಕಿ. ಅದೇ ಕುಟುಂಬದ ಟಿಎಲ್‌ಆರ್7ಗೆ ಅದು ಗಟ್ಟಿಯಾಗಿದೆ: ಆ ಜೀನ್‌ನ ಒಂದೇ ಒಂದು ಬದಲಾವಣೆ ರಿಸೆಪ್ಟರನ್ನು ಅತಿಯಾಗಿ ಚುರುಕು ಮಾಡಿ ಮಗುವಿನಲ್ಲಿ ಲೂಪಸ್ ತಂದದ್ದು 2022ರಲ್ಲಿ ಪ್ರಕಟವಾಯಿತು. ಹಾಗಾದರೆ ಟಿಎಲ್‌ಆರ್7 ಬಿಟ್ಟು 8 ಯಾಕೆ? ಟಿಎಲ್‌ಆರ್7ರ ಸ್ಫಟಿಕ ರಚನೆಗಳು (ಪ್ರೋಟೀನನ್ನು ಹರಳಾಗಿಸಿ ಎಕ್ಸ್-ರೇಯಿಂದ ಕಂಡುಕೊಂಡ ಆಕಾರಗಳು) ಕೋತಿಯ ಪ್ರೋಟೀನಿನವು. ಟಿಎಲ್‌ಆರ್8ರಲ್ಲಿ ಮನುಷ್ಯರದ್ದೇ ರಚನೆ, ಎಬ್ಬಿಸುವ ಅಣುವಿನ ಜೊತೆಗೂ ತಡೆಯುವ ಅಣುವಿನ ಜೊತೆಗೂ ಇದೆ. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹಂತ 2: ಯಾವ ಸ್ಥಿತಿಯ ರಚನೆ ಎಂದು ತೀರ್ಮಾನಿಸಿ

ಹೆಚ್ಚಿನ ಪ್ರಾಜೆಕ್ಟುಗಳು ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಟಿಎಲ್‌ಆರ್8 ಒಂಟಿಯಾಗಿ ಇರುವುದಿಲ್ಲ. ಕುದುರೆ ಲಾಳದ ಆಕಾರದ ಎರಡು ಪ್ರತಿಗಳು ಮೊದಲೇ ಜೋಡಿಯಾಗಿರುತ್ತವೆ. ಸುಮ್ಮನಿರುವಾಗ ಎರಡರ ಬಾಲದ ತುದಿಗಳ ನಡುವೆ ಸುಮಾರು 53 ಆಂಗ್‌ಸ್ಟ್ರಾಮ್ ದೂರ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ರೆಸಿಕ್ವಿಮಾಡ್‌ನಂಥ ಎಬ್ಬಿಸುವ ಅಣು ನಡುವೆ ಕೂತರೆ ಎರಡೂ ತಿರುಗಿ, ತುದಿಗಳು ಸುಮಾರು 30 ಆಂಗ್‌ಸ್ಟ್ರಾಮ್‌ಗೆ ಹತ್ತಿರ ಬರುತ್ತವೆ. ಆಗ ಪೊರೆಯ ಆಚೆ ಬದಿಯ ಭಾಗಗಳು ಜೊತೆ ಸೇರಿ ಸಂಕೇತ ಹೊರಡುತ್ತದೆ.

ತಡೆಯುವ ಅಣು ಏನು ಮಾಡುತ್ತದೆ? ಸಿಯು-ಸಿಪಿಟಿ8ಎಂ ಎಂಬ ಅಣುವಿನ ಕೆಲಸ 2018ರಲ್ಲಿ ವಿವರವಾಗಿ ಪ್ರಕಟವಾಯಿತು. ಅದು ಎಬ್ಬಿಸುವ ಅಣುವಿನ ಜಾಗಕ್ಕೆ ಪೈಪೋಟಿ ಮಾಡಿ ಕೂರುವುದಿಲ್ಲ. ಜೋಡಿ ಇನ್ನೂ ಸುಮ್ಮನಿರುವಾಗ ಮಾತ್ರ ಇರುವ ಬೇರೊಂದು ಸಂದಿಗೆ ಹೋಗಿ, ಆ ಸ್ಥಿತಿಯನ್ನೇ ಬಿಗಿ ಮಾಡುತ್ತದೆ. ಎಸ್ಟೇಟ್ ಗೇಟು ಮುಚ್ಚಿರುವಾಗಲೇ ಅಗಳಿ ಹಾಕಿದ ಹಾಗೆ. ತೆರೆದ ಗೇಟಿಗೆ ಅಗಳಿ ಹಾಕಲು ಬರುವುದಿಲ್ಲ ಅಲ್ವಾ? ತೆರೆದ ಸ್ಥಿತಿಯ ರಚನೆಗೆ ಡಾಕ್ ಮಾಡಿ ತಡೆಕಾರಕ ಹುಡುಕುವವರು ಮಾಡುತ್ತಿರುವುದು ಅದನ್ನೇ.

ಹಾಗಾಗಿ:

1. ಡೇಟಾ ಬ್ಯಾಂಕಿನಲ್ಲಿ 5ಡಬ್ಲ್ಯುವೈಎಕ್ಸ್ ಎಂಬ ಗುರುತಿನ ಫೈಲ್ ಇಳಿಸಿಕೊಳ್ಳಿ. ಇದರಲ್ಲಿ ಟಿಎಲ್‌ಆರ್8 ಜೊತೆ ಸಿಯು-ಸಿಪಿಟಿ8ಎಂ ಇದೆ. ನಿಮ್ಮ ಡಾಕಿಂಗ್ ಇದಕ್ಕೆ.
2. 5ಡಬ್ಲ್ಯುವೈಝಡ್ ಕೂಡ ಇಳಿಸಿಕೊಳ್ಳಿ. ಅದರಲ್ಲಿ ಸಿಯು-ಸಿಪಿಟಿ9ಬಿ ಇದೆ. ಅಡ್ಡ ಪರೀಕ್ಷೆಗೆ ಬೇಕು.
3. 3ಡಬ್ಲ್ಯು3ಎಲ್ ರೆಸಿಕ್ವಿಮಾಡ್ ಇರುವ, ಎದ್ದ ಸ್ಥಿತಿ. ಸದ್ಯಕ್ಕೆ ಹೋಲಿಸಿ ನೋಡಲು ಮಾತ್ರ, ಹಂತ 7ರಲ್ಲಿ ಮತ್ತೆ ಬೇಕಾಗಬಹುದು.
4. ಮೂರನ್ನೂ ಕೈಮೆರಾಎಕ್ಸ್‌ನಲ್ಲಿ ಒಂದರ ಮೇಲೊಂದು ಕೂರಿಸಿ, ಬಾಲದ ತುದಿಗಳ ದೂರ ನೀವೇ ಅಳೆದು ನೋಡಿ. ಐದು ನಿಮಿಷದ ಕೆಲಸ. ಇಷ್ಟು ಮಾಡಿದವರಿಗೆ ವೈವಾದಲ್ಲಿ ತೊಂದರೆಯಿಲ್ಲ.

ಎಚ್ಚರಿಕೆ: ಆಲ್ಫಾಫೋಲ್ಡ್ (ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆ) ಮಾದರಿ ಇದೆ ಎಂದು ಅದನ್ನೇ ಬಳಸಬೇಡಿ. ಅದರ ಭಂಡಾರದಲ್ಲಿ ಸಾಮಾನ್ಯವಾಗಿ ಸಿಗುವುದು ಒಂಟಿ ಸರಪಳಿ, ಅಂದರೆ ಜೋಡಿಯ ಒಂದೇ ಪ್ರತಿ. ನಮಗೆ ಬೇಕಾದ ಪಾಕೆಟ್ ಇರುವುದೇ ಎರಡು ಸರಪಳಿಗಳ ನಡುವೆ.

ಬೇರೆ ರಿಸೆಪ್ಟರ್ ತೆಗೆದುಕೊಂಡವರೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಈ ಫೈಲಿನಲ್ಲಿ ರಿಸೆಪ್ಟರ್ ಎದ್ದಿದೆಯೋ, ಮಲಗಿದೆಯೋ? ಜಿಪಿಸಿಆರ್‌ಗಳಲ್ಲಿ ಜಿ ಪ್ರೋಟೀನ್ ಅಂಟಿಕೊಂಡ ರಚನೆ ಎಂದರೆ ಸಾಮಾನ್ಯವಾಗಿ ಎದ್ದ ಸ್ಥಿತಿ. ಜ್ಯಾಕ್ ಕುಟುಂಬದ ಕೈನೇಸ್ ಆದ ಟಿವೈಕೆ2 ತೆಗೆದುಕೊಂಡವರು ಗಮನಿಸಿ, 2022ರಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆದ ಡ್ಯೂಕ್ರವಾಸಿಟಿನಿಬ್ ಕೂರುವುದು ಕೆಲಸ ಮಾಡುವ ಭಾಗದಲ್ಲಲ್ಲ, ಪಕ್ಕದ ನಿಯಂತ್ರಕ ಭಾಗದಲ್ಲಿ. ಎಲ್ಲರೂ ಕೈನೇಸ್ ಭಾಗದ ಫೈಲನ್ನೇ ಇಳಿಸಿಕೊಂಡಿರುತ್ತಾರೆ.

ಹಂತ 3: ಪ್ರೋಟೀನ್ ಫೈಲ್ ತಯಾರಿ

ಯೂಟ್ಯೂಬ್ ಪಾಠಗಳಲ್ಲಿ ಮೊದಲ ಸಾಲೇ "ಚೈನ್ ಬಿ ಡಿಲೀಟ್ ಮಾಡಿ, ನೀರೆಲ್ಲ ತೆಗೆಯಿರಿ" ಎಂದಿರುತ್ತದೆ. ಬೇರೆ ಪ್ರೋಟೀನಿಗೆ ನಡೆಯಬಹುದು. ಇಲ್ಲಿ ಚೈನ್ ಬಿ, ಅಂದರೆ ಜೋಡಿಯ ಎರಡನೇ ಪ್ರತಿ, ತೆಗೆದರೆ ಪಾಕೆಟ್‌ನ ಒಂದು ಗೋಡೆಯೇ ಹೋಯಿತು. ವಿನಾ ಅದಕ್ಕೂ ಸ್ಕೋರ್ ಕೊಡುತ್ತದೆ, ಗೊಣಗುವುದಿಲ್ಲ. ನಾನು ನೋಡಿದ ಟಿಎಲ್‌ಆರ್ ವರದಿಗಳಲ್ಲಿ ಅತಿ ಸಾಮಾನ್ಯ ತಪ್ಪು ಇದೇ.

ಕ್ರಮ ಹೀಗಿರಲಿ.

1. ಫೈಲ್ ಇಳಿಸುವಾಗ "ಬಯಾಲಜಿಕಲ್ ಅಸೆಂಬ್ಲಿ" ಆಯ್ಕೆ ಮಾಡಿ. ಕೆಲವು ಫೈಲುಗಳಲ್ಲಿ ಎರಡಕ್ಕಿಂತ ಹೆಚ್ಚು ಸರಪಳಿ ಇರುತ್ತವೆ, ಕೆಲವದರಲ್ಲಿ ಒಂದೇ. ನಿಮಗೆ ಬೇಕಾದ್ದು ಒಂದು ಪೂರ್ತಿ ಜೋಡಿ.

2. ನೀರಿನ ಅಣುಗಳನ್ನು ಕಣ್ಣುಮುಚ್ಚಿ ಅಳಿಸಬೇಡಿ. ಲಿಗಾಂಡಿಗೂ (ಪಾಕೆಟ್‌ನಲ್ಲಿ ಕೂತ ಅಣು) ಪ್ರೋಟೀನಿಗೂ ನಡುವೆ ಸೇತುವೆಯಾಗಿ, ಎರಡೂ ಫೈಲುಗಳಲ್ಲಿ ಒಂದೇ ಜಾಗದಲ್ಲಿ ಇರುವ ನೀರಿದ್ದರೆ ಇಟ್ಟೂ ಓಡಿಸಿ, ತೆಗೆದೂ ಓಡಿಸಿ.

3. ಸಕ್ಕರೆ ಸರಪಳಿಗಳು, ಅಂದರೆ ಗ್ಲೈಕಾನ್‌ಗಳು, ಪಾಕೆಟ್‌ನಿಂದ ದೂರ ಇದ್ದರೆ ತೆಗೆಯಬಹುದು. ಹತ್ತಿರ ಇದ್ದರೆ ಬಿಡಿ.

4. ರಚನೆಯಲ್ಲಿ ಕಾಣಿಸದೆ ಬಿಟ್ಟುಹೋದ ಲೂಪ್‌ಗಳು, ಅಂದರೆ ಪ್ರೋಟೀನ್ ಎಳೆಯ ಸಡಿಲ ತುಂಡುಗಳು, ಇರುತ್ತವೆ. ಸಾಫ್ಟ್‌ವೇರ್ ಆ ಎರಡು ತುದಿಗಳನ್ನು ಉದ್ದನೆಯ ಗೆರೆ ಎಳೆದು ಸೇರಿಸಿದೆಯಾ ನೋಡಿ. ಸೇರಿಸಿದ್ದರೆ ಬಿಡಿಸಿ, ತುದಿಗಳನ್ನು ಮುಚ್ಚಿ.

5. ಪಿಎಚ್. ಬಹಳಷ್ಟು ಸಾಫ್ಟ್‌ವೇರುಗಳು 7ರ ಆಸುಪಾಸು ಎಂದುಕೊಂಡು ಹೈಡ್ರೋಜನ್ ಹಾಕುತ್ತವೆ. ಆದರೆ ಟಿಎಲ್‌ಆರ್8 ಇರುವುದು ಎಂಡೋಸೋಮಿನಲ್ಲಿ, ಅಲ್ಲಿ ಆಮ್ಲೀಯ ವಾತಾವರಣ, ಪಿಎಚ್ ಸುಮಾರು 5ರಿಂದ 6. ಹಿಸ್ಟಿಡಿನ್‌ನ ವಿದ್ಯುದಾವೇಶ ಅದಲು ಬದಲಾಗುವುದು ಸರಿಯಾಗಿ ಅಲ್ಲೇ. ಯಾವ ಪಿಎಚ್‌ನಲ್ಲಿ ಯಾವ ಆವೇಶ ಎಂದು ಹೇಳುವ ಪ್ರೊಪ್ಕಾದಲ್ಲಿ 5.5ಕ್ಕೂ 7.4ಕ್ಕೂ ಲೆಕ್ಕ ಹಾಕಿ, ಪಾಕೆಟ್ ಹತ್ತಿರದ ಯಾವುದು ಬದಲಾಗುತ್ತದೆ ಎಂದು ಬರೆದಿಡಿ. ಲಿಗಾಂಡಿಗೂ ಇದೇ ಲೆಕ್ಕ.

ಹಂತ 4: ಉತ್ತರ ಗೊತ್ತಿರುವ ಲೆಕ್ಕ ಮೊದಲು ಮಾಡಿ

ಹೊಸ ಅಣು ಮುಟ್ಟುವ ಮೊದಲು ನಿಮ್ಮ ವ್ಯವಸ್ಥೆ ಹಳೆಯದನ್ನು ಸರಿಯಾಗಿ ಹೇಳುತ್ತದೆಯೋ ನೋಡಬೇಕು. ಇದನ್ನು ಬಿಟ್ಟ ವರದಿಯನ್ನು ನಾನಂತೂ ಮುಂದೆ ಓದುವುದಿಲ್ಲ.

ಮೊದಲನೆಯದು ರೀಡಾಕಿಂಗ್. 5ಡಬ್ಲ್ಯುವೈಎಕ್ಸ್‌ನಿಂದ ಲಿಗಾಂಡ್ ತೆಗೆದು, ಅದೇ ಜಾಗಕ್ಕೆ ಮತ್ತೆ ಡಾಕ್ ಮಾಡಿ. ಮೊದಲ ಭಂಗಿ ಸ್ಫಟಿಕದ ಭಂಗಿಗೆ 2 ಆಂಗ್‌ಸ್ಟ್ರಾಮ್ ಆರ್‌ಎಂಎಸ್‌ಡಿ (ಎರಡು ಭಂಗಿಗಳ ಪರಮಾಣುಗಳ ನಡುವಿನ ಸರಾಸರಿ ಅಂತರ) ಒಳಗೆ ಬರಬೇಕು. ಇಲ್ಲಿ ಎರಡು ಕಡೆ ಮೋಸ ಹೋಗುತ್ತಾರೆ. ಸ್ಫಟಿಕದಿಂದ ತೆಗೆದ ಆಕಾರವನ್ನೇ ಕೊಟ್ಟರೆ ಉಂಗುರಗಳ ಬಾಗು, ಬಂಧಗಳ ಕೋನ ಎಲ್ಲ ಮೊದಲೇ ಸರಿ ಇರುತ್ತದೆ, ಅದು ಪರೀಕ್ಷೆಗೆ ಮುಂಚೆ ಉತ್ತರ ಪತ್ರಿಕೆ ಕೊಟ್ಟದ್ದಾಯಿತು. ಸ್ಮೈಲ್ಸ್‌ನಿಂದ, ಅಂದರೆ ಅಣುವನ್ನು ಅಕ್ಷರಗಳ ಒಂದು ಸಾಲಿನಲ್ಲಿ ಬರೆದ ರೂಪದಿಂದ, ಹೊಸದಾಗಿ ಆಕಾರ ಕಟ್ಟಿ ಕೊಡಿ. ಇನ್ನೊಂದು, ಆರ್‌ಎಂಎಸ್‌ಡಿ ಅಳೆಯುವಾಗ ಎರಡು ಲಿಗಾಂಡುಗಳನ್ನು ಅಲೈನ್ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಅಣು ಪಾಕೆಟ್ ಬಿಟ್ಟು ಆಚೆ ಬಿದ್ದಿದ್ದರೂ 0.6 ಬರಬಹುದು. ಇದ್ದ ಜಾಗದಲ್ಲೇ ಅಳೆಯಿರಿ.

ಎರಡನೆಯದು ಅಡ್ಡ ಡಾಕಿಂಗ್. 5ಡಬ್ಲ್ಯುವೈಝಡ್‌ನ ಸಿಯು-ಸಿಪಿಟಿ9ಬಿ ಅಣುವನ್ನು 5ಡಬ್ಲ್ಯುವೈಎಕ್ಸ್ ಪ್ರೋಟೀನಿಗೆ ಡಾಕ್ ಮಾಡಿ. ತನ್ನದಲ್ಲದ ಪಾಕೆಟ್‌ನಲ್ಲೂ ಸರಿಯಾಗಿ ಕೂತರೆ ನಿಮ್ಮ ಹೊಸ ಅಣುಗಳ ಮೇಲೆ ಸ್ವಲ್ಪ ನಂಬಿಕೆ ಇಡಬಹುದು. ಕೂರದಿದ್ದರೆ ಪಾಕೆಟ್‌ನ ಯಾವ ಪಕ್ಕಸರಪಳಿ ಅಡ್ಡ ಬರುತ್ತಿದೆ ನೋಡಿ, ಅದನ್ನು ಮಾತ್ರ ಸಡಿಲ ಬಿಡಿ.

ಮೂರನೆಯದು ಡಿಕಾಯ್ ಪರೀಕ್ಷೆ. ಕೆಂಬಲ್‌ನಿಂದ ಟಿಎಲ್‌ಆರ್8 ತಡೆಯುವ 20 ಅಣು ತೆಗೆಯಿರಿ. ತೂಕ, ಲಾಗ್‌ಪಿ (ಎಣ್ಣೆಯಲ್ಲಿ ಕರಗುವ ಗುಣದ ಅಳತೆ) ಅವಕ್ಕೆ ಹೋಲುವ, ಆದರೆ ಆಕಾರ ಬೇರೆ ಇರುವ ಡಿಕಾಯ್‌ಗಳನ್ನು, ಅಂದರೆ ನಕಲಿ ಅಣುಗಳನ್ನು, ಒಂದಕ್ಕೆ 50ರಂತೆ ಸೇರಿಸಿ. ಒಟ್ಟು 1,020. ಎಲ್ಲ ಡಾಕ್ ಮಾಡಿ ಮೇಲಿನ 10 ತೆಗೆದು ನೋಡಿ. ಅದೃಷ್ಟದ ಮೇಲೆ ಬಿಟ್ಟರೆ ಅದರಲ್ಲಿ ನಿಜವಾದದ್ದು ಒಂದೂ ಇರಲಿಕ್ಕಿಲ್ಲ. ನಾಲ್ಕು ಸಿಕ್ಕರೆ ಸುಮಾರು 20 ಪಟ್ಟು ಉತ್ತಮ, ಮುಂದುವರಿಯಿರಿ. ಒಂದೂ ಸಿಗದಿದ್ದರೆ ಹಂತ 3ಕ್ಕೆ ವಾಪಸ್.

ಕೆಂಬಲ್‌ನಲ್ಲಿ ಆರಿಸುವಾಗ ಒಂದು ವಿಷಯ. ಎಬ್ಬಿಸುವವೂ ತಡೆಯುವವೂ ಒಂದೇ ಪಟ್ಟಿಯಲ್ಲಿರುತ್ತವೆ. ಇಸಿ50 (ಅರ್ಧ ಪರಿಣಾಮಕ್ಕೆ ಬೇಕಾದ ಪ್ರಮಾಣ) ಎಂದಿದ್ದರೆ ಬಹುಮಟ್ಟಿಗೆ ಎಬ್ಬಿಸುವ ಅಣು, ಐಸಿ50 (ಅರ್ಧ ತಡೆಯಲು ಬೇಕಾದ ಪ್ರಮಾಣ) ಎಂದಿದ್ದರೆ ತಡೆಯುವ ಅಣು. ಆದರೂ ಪರೀಕ್ಷೆಯ ವಿವರಣೆ ಓದದೆ ಸೇರಿಸಬೇಡಿ. ಎರಡನ್ನೂ ಕಲಸಿದರೆ ಇಡೀ ಪರೀಕ್ಷೆ ದಂಡ.

ಹಂತ 5: ಅಣುಗಳ ಪಟ್ಟಿ, ಮತ್ತು ನಮ್ಮೂರಿನ ಗಿಡಗಳ ಮೋಹ

ಕೊಡಗಿನ ಪ್ರಾಜೆಕ್ಟ್ ಎಂದರೆ ಮದ್ದು ಸೊಪ್ಪು, ಕಾಚಂಪುಳಿ (ಅಡುಗೆಯ ಕಪ್ಪು ಹುಳಿ ರಸ), ಕಾಫಿ, ಕಾಳುಮೆಣಸು ಇದ್ದೇ ಇರುತ್ತವೆ. ತಪ್ಪೇನಿಲ್ಲ. ಕಕ್ಕಡ 18ಕ್ಕೆ (ಕೊಡವರ ಕಕ್ಕಡ ತಿಂಗಳ 18ನೇ ದಿನ) ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಗಾದದ್ದು ನೋಡಿದ ಮಕ್ಕಳಿಗೆ ಆ ಬಣ್ಣದ ಅಣು ಯಾವುದು ಎಂಬ ಕುತೂಹಲ ಹುಟ್ಟುವುದು ಸಹಜ. ಆದರೆ ಗಿಡದ ಅಣುಗಳನ್ನು ಪಟ್ಟಿಗೆ ಹಾಕುವ ಮುಂಚೆ ಮೂರು ಜರಡಿ ಹಿಡಿಯಿರಿ.

ಗಾತ್ರ. ರುಟಿನ್‌ನಂಥ ಸಕ್ಕರೆ ಅಂಟಿದ ಅಣುಗಳು ಡಾಕಿಂಗ್‌ನಲ್ಲಿ ಯಾವಾಗಲೂ ಮೇಲೆ ಬರುತ್ತವೆ. ಗಾತ್ರ ದೊಡ್ಡದಾದಷ್ಟೂ ಸ್ಕೋರ್ ಏರುತ್ತದೆ, ಅಷ್ಟೇ. ರುಟಿನ್ 610 ಡಾಲ್ಟನ್, ಹೈಡ್ರೋಜನ್ ಬಂಧ ಕೊಡುವ ಗುಂಪುಗಳೇ 10. ಟಿಎಲ್‌ಆರ್8 ತಲುಪಲು ಅಣು ಜೀವಕೋಶದ ಪೊರೆಯನ್ನೂ, ಎಂಡೋಸೋಮಿನ ಪೊರೆಯನ್ನೂ ದಾಟಬೇಕು. ಈ ಗಾತ್ರ, ಈ ಧ್ರುವೀಯತೆ ಇಟ್ಟುಕೊಂಡು ದಾಟುವುದು ತುಂಬಾ ಕಷ್ಟ. ಹೋಲಿಕೆಗೆ ಸಿಯು-ಸಿಪಿಟಿ9ಎ ನೋಡಿ: 265 ಡಾಲ್ಟನ್, ಹೈಡ್ರೋಜನ್ ಬಿಟ್ಟು 20 ಪರಮಾಣು. ಜೀವಕೋಶ ಪರೀಕ್ಷೆಯಲ್ಲಿ ಅದರ ಐಸಿ50 ಸುಮಾರು 0.5 ನ್ಯಾನೊಮೋಲಾರ್.

ಆವೇಶ. ಕಾಚಂಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಮೂರು ಕಾರ್ಬಾಕ್ಸಿಲ್ ಗುಂಪುಗಳಿವೆ. ರಕ್ತದ ಪಿಎಚ್‌ನಲ್ಲಿ ಮೂರೂ ಋಣ ಆವೇಶ ಹೊತ್ತಿರುತ್ತವೆ. ಎಣ್ಣೆಯಂಥ ಪಾಕೆಟ್‌ಗೆ ಅದು ಸೇರುವುದಿಲ್ಲ, ಪಂದಿ ಕರಿಗೇ ಸರಿ.

ಸುಳ್ಳು ಫಲಿತಾಂಶ ಕೊಡುವ ಗುಂಪುಗಳು. ಕಾಫಿಯಲ್ಲಿ, ಅದರಲ್ಲೂ ರೋಬಸ್ಟಾದಲ್ಲಿ, ಕ್ಲೋರೋಜೆನಿಕ್ ಆಮ್ಲ ಜಾಸ್ತಿ. ಅದರ ಕ್ಯಾಟಿಕಾಲ್ ಗುಂಪು ಪರೀಕ್ಷಾ ದ್ರಾವಣದಲ್ಲಿ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕರ್ಕ್ಯುಮಿನ್, ಕ್ವೆರ್ಸೆಟಿನ್ ಕೂಡ ಇದೇ ಜಾತಿ. ಎಲ್ಲ ಪರೀಕ್ಷೆಯಲ್ಲೂ ಪಾಸಾಗುವ ಅಣುವನ್ನು ಅನುಮಾನಿಸಿ. ಆರ್‌ಡಿಕಿಟ್‌ನಲ್ಲಿ ಇಂಥ ಮೋಸದ ಅಣುಗಳನ್ನು ಗುರುತಿಸುವ ಪೇನ್ಸ್ ಫಿಲ್ಟರ್ ಇದೆ, ಓಡಿಸಿ.

ನನ್ನ ಸಲಹೆ: ಅರ್ಧ ಪಟ್ಟಿ ಗಿಡದ್ದಿರಲಿ, ಇನ್ನರ್ಧ ಗೊತ್ತಿರುವ ತಡೆಕಾರಕಗಳ ಚೌಕಟ್ಟಿನ ಮೇಲೆ ನೀವೇ ಬದಲಾವಣೆ ಮಾಡಿ ಬರೆದ ಅಣುಗಳಿರಲಿ. ವಿನ್ಯಾಸ ಎನ್ನುವ ಮಾತಿಗೆ ಅರ್ಥ ಬರುವುದು ಆ ಎರಡನೇ ಅರ್ಧದಲ್ಲಿ.

ಮತ್ತೆ, ಡಾಕಿಂಗ್ ವರದಿ ತೋರಿಸಿ ಯಾರಾದರೂ ಪುಡಿ ಮಾರಲು ಹೊರಟರೆ ನಿಮ್ಮ ಹೆಸರು ಅದರಲ್ಲಿ ಇರದಂತೆ ನೋಡಿಕೊಳ್ಳಿ.

ಹಂತ 6: ಡಾಕಿಂಗ್

ಇದು ಸುಲಭದ ಭಾಗ. ಬಾಕ್ಸ್‌ನ ಮಧ್ಯಬಿಂದು ಸ್ಫಟಿಕದ ಲಿಗಾಂಡಿನ ಮಧ್ಯದಲ್ಲಿರಲಿ, ಪ್ರತಿ ಬದಿ 22 ಆಂಗ್‌ಸ್ಟ್ರಾಮ್ ಸಾಕು. ಇಡೀ ಪ್ರೋಟೀನ್ ಸುತ್ತ ಬಾಕ್ಸ್ ಹಾಕಬೇಡಿ. ಬಾಕ್ಸ್ 27,000 ಘನ ಆಂಗ್‌ಸ್ಟ್ರಾಮ್ ದಾಟಿದರೆ ವಿನಾ ತಾನೇ ಎಚ್ಚರಿಸುತ್ತದೆ. ಎಕ್ಸಾಸ್ಟಿವ್‌ನೆಸ್ (ಎಷ್ಟು ಕೂಲಂಕಷವಾಗಿ ಹುಡುಕಬೇಕು ಎಂಬ ಸಂಖ್ಯೆ) ಮೂಲದಲ್ಲಿ 8 ಇರುತ್ತದೆ, 32 ಮಾಡಿ. ಬೇರೆ ಬೇರೆ ಸೀಡ್ (ಹುಡುಕಾಟ ಶುರುವಾಗುವ ಸಂಖ್ಯೆ) ಕೊಟ್ಟು ಮೂರು ಸಲ ಓಡಿಸಿ. ಮೂರು ಸಲವೂ ಭಂಗಿ ಬೇರೆ ಬೇರೆ ಬಂದರೆ ಆ ಅಣುವಿನ ಬಗ್ಗೆ ನಿಮಗೆ ಏನೂ ಗೊತ್ತಾಗಿಲ್ಲ ಎಂದೇ ಲೆಕ್ಕ.

ಹಂತ 7: ಭಂಗಿ ಓದುವುದು

"ಸರ್, ಇದಕ್ಕೆ ಮೈನಸ್ 8.7, ಅದಕ್ಕೆ ಮೈನಸ್ 8.3. ಹಾಗಾದರೆ ಇದೇ ಒಳ್ಳೇದು ಅಲ್ವಾ?" ಅಲ್ಲ. ವಿನಾ ಮಾಡಿದವರೇ 2010ರಲ್ಲಿ ಕೊಟ್ಟ ಪ್ರಮಾಣಿತ ದೋಷ ಮೋಲಿಗೆ 2.85 ಕಿಲೋಕ್ಯಾಲರಿ. ಸುಮಾರು 1.4 ಕಿಲೋಕ್ಯಾಲರಿ ಎಂದರೆ ಹಿಡಿತದಲ್ಲಿ ಹತ್ತು ಪಟ್ಟು ವ್ಯತ್ಯಾಸ. ಅಂದರೆ ದೋಷವೇ ನೂರು ಪಟ್ಟಿನಷ್ಟಿದೆ. 0.4 ಇಟ್ಟುಕೊಂಡು ಮೊದಲನೇ ರ‍್ಯಾಂಕ್, ಎರಡನೇ ರ‍್ಯಾಂಕ್ ಕೊಡುವುದು ವ್ಯರ್ಥ.

ಸ್ಕೋರನ್ನು ಕಸ ತೆಗೆಯಲು ಮಾತ್ರ ಬಳಸಿ. ಮೇಲಿನ ಹತ್ತು ಪ್ರತಿಶತ ಇಟ್ಟುಕೊಂಡು ಒಂದೊಂದನ್ನೂ ಕಣ್ಣಿಂದ ನೋಡಿ. ಕೈಮೆರಾಎಕ್ಸ್‌ನಲ್ಲಿ ಎರಡು ಸರಪಳಿಗೆ ಎರಡು ಬಣ್ಣ ಕೊಡಿ. ಆಮೇಲೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಅಣು ಎರಡೂ ಸರಪಳಿಗಳನ್ನು ಮುಟ್ಟುತ್ತಿದೆಯಾ? ಸಿಯು-ಸಿಪಿಟಿ8ಎಂ ಒಂದು ಸರಪಳಿಯ ಗ್ಲೈಸಿನ್ 351 (351ನೇ ಜಾಗದ ಅಮೈನೊ ಆಮ್ಲ) ಜೊತೆಗೂ ಇನ್ನೊಂದರ ವ್ಯಾಲಿನ್ 520 ಜೊತೆಗೂ ಹೈಡ್ರೋಜನ್ ಬಂಧ ಮಾಡುತ್ತದೆ. ಎರಡನ್ನೂ ಹಿಡಿದುಕೊಳ್ಳುವುದರಿಂದಲೇ ಜೋಡಿ ತಿರುಗದೆ ನಿಲ್ಲುತ್ತದೆ. ನಿಮ್ಮ ಅಣು ಒಂದೇ ಬದಿಗೆ ಅಂಟಿಕೊಂಡಿದ್ದರೆ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಕೆಳಗೆ ಇಳಿಸಿ.

ಆಸ್ಪಾರ್ಟಿಕ್ ಆಮ್ಲ 543, ಥ್ರಿಯೊನಿನ್ 574ರ ಕಡೆ ಕೈಚಾಚುತ್ತಿದೆಯಾ? ಅದು ರೆಸಿಕ್ವಿಮಾಡ್‌ನಂಥ ಎಬ್ಬಿಸುವ ಅಣುಗಳ ದಾರಿ. ಕೆಂಪು ಬಾವುಟ. ತಡೆಯಲು ಹೋಗಿ ಉರಿಯೂತ ಹೆಚ್ಚಿಸುವ ಅಣು ಮಾಡಿದಿರೋ ಎಂದು ನೋಡಬೇಕಾದ ಜಾಗ ಇದು. ಅಂಥ ಅಣುಗಳನ್ನು 3ಡಬ್ಲ್ಯು3ಎಲ್‌ಗೂ ಡಾಕ್ ಮಾಡಿ ನೋಡಿ. ಸ್ಕೋರ್ ಎರಡೂ ಕಡೆ ಚೆನ್ನಾಗಿಯೇ ಬರಬಹುದು. ಹಾಗೆ ಬಂದರೆ ವರದಿಯಲ್ಲಿ "ಎಬ್ಬಿಸುವ ಸಾಧ್ಯತೆ ಇದೆ, ಲ್ಯಾಬಿನಲ್ಲಿ ಎರಡೂ ರೀತಿ ಪರೀಕ್ಷಿಸಬೇಕು" ಎಂದು ನೇರವಾಗಿ ಬರೆಯಿರಿ.

ಧ್ರುವೀಯ ಗುಂಪು ಜೊತೆಯಿಲ್ಲದೆ ಎಣ್ಣೆಯಂಥ ಜಾಗದಲ್ಲಿ ಹೂತುಹೋಗಿದೆಯಾ? ಎಣ್ಣೆಯಂಥ ಭಾಗ ನೀರಿಗೆ ತಲೆ ಹಾಕಿದೆಯಾ? ಅಣು ತಿರುಚಿ ಮುರುಚಿ ಕೂತಿದೆಯಾ? ಇವು ಸ್ಕೋರಿಗೆ ಸರಿಯಾಗಿ ಕಾಣಿಸುವುದಿಲ್ಲ, ಕಣ್ಣಿಗೆ ಕಾಣಿಸುತ್ತವೆ.

ಕೊನೆಗೆ ಸ್ಕೋರನ್ನು (ಮೈನಸ್ ಚಿಹ್ನೆ ಬಿಟ್ಟು) ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿ. 43 ಪರಮಾಣುಗಳ ಅಣುವಿಗೆ ಮೈನಸ್ 10 ಬಂತು ಅನ್ನಿ, ಪರಮಾಣುವಿಗೆ 0.23. 20 ಪರಮಾಣುಗಳ ಅಣುವಿಗೆ ಮೈನಸ್ 8 ಬಂದರೆ 0.40. ಎರಡನೆಯದನ್ನು ಹಿಡಿದುಕೊಳ್ಳಿ. 0.3ಕ್ಕಿಂತ ಕೆಳಗಿನವು ತಿದ್ದಲು ಹೋದರೆ ಇನ್ನೂ ದಪ್ಪಗಾಗುತ್ತವೆ.

ಹಂತ 8: ತಿದ್ದುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ಮೀಥೈಲ್ ಸೇರಿಸಿ, ಅಥವಾ ಒಂದು ಇಂಗಾಲದ ಬದಲು ಸಾರಜನಕ ಇಡಿ, ನೋಡಿ. ಮೂರು ಕಡೆ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಈ ರಿಸೆಪ್ಟರ್ ಕುಟುಂಬದಲ್ಲಿ ಸಣ್ಣ ಬದಲಾವಣೆಯೇ ಎಬ್ಬಿಸುವ ಅಣುವನ್ನು ತಡೆಯುವುದನ್ನಾಗಿ, ತಡೆಯುವುದನ್ನು ಎಬ್ಬಿಸುವುದನ್ನಾಗಿ ಮಾಡಿಬಿಡಬಹುದು. ಪ್ರತಿ ಬದಲಾವಣೆಯ ಮೇಲೂ ಹಂತ 7ರ ಪ್ರಶ್ನೆಗಳನ್ನು ಮತ್ತೆ ಕೇಳಿ.

ಫೀನಾಲ್ ಗುಂಪು ಇದ್ದರೆ ಹಿಡಿತ ಚೆನ್ನಾಗಿ ಬರುತ್ತದೆ, ಆದರೆ ಯಕೃತ್ತು ಅದಕ್ಕೆ ಬೇಗ ಗ್ಲೂಕುರಾನಿಕ್ ಆಮ್ಲ ಅಂಟಿಸಿ ಹೊರಗೆ ಕಳಿಸುತ್ತದೆ. ಆರಂಭದ ಅಣುವಿನಲ್ಲಿ ಇರಲಿ, ಮುಂದೆ ಅದೇ ಬಂಧ ಕೊಡುವ ಬೇರೆ ಗುಂಪು ಹುಡುಕಬೇಕಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಗಡಿಗಳು ಗೊತ್ತಿರುವವೇ: ತೂಕ 500, ಲಾಗ್‌ಪಿ 5, ಧ್ರುವೀಯ ಮೇಲ್ಮೈ 140 ಚದರ ಆಂಗ್‌ಸ್ಟ್ರಾಮ್. ಆಟೋಇಮ್ಯೂನ್ ಕಾಯಿಲೆಗೆ ಮಾತ್ರೆ ವರ್ಷಗಟ್ಟಲೆ ನುಂಗಬೇಕು, ಹಾಗಾಗಿ ಹೃದಯದ ಬಡಿತಕ್ಕೆ ಬೇಕಾದ ಹರ್ಗ್ ಚಾನೆಲ್‌ಗೆ ಅಂಟುವ ಲಕ್ಷಣ ಇದ್ದರೆ ಈಗಲೇ ಬಿಟ್ಟುಬಿಡಿ. ಪ್ರತ್ಯಾಮ್ಲೀಯ ಸಾರಜನಕದ ಜೊತೆ ಎಣ್ಣೆಯಂಥ ಉಂಗುರಗಳು ಸೇರಿಕೊಂಡರೆ ಆ ಲಕ್ಷಣ ಬರುತ್ತದೆ.

ಹಂತ 9: ಎಂಡಿ ಸಿಮ್ಯುಲೇಶನ್, ಮತ್ತು ಮಳೆಗಾಲ

ಎಂಡಿ ಎಂದರೆ ಪ್ರೋಟೀನ್, ಅಣು, ನೀರು ಹೇಗೆ ಅಲುಗಾಡುತ್ತವೆಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಕೊನೆಗೆ ಉಳಿದ ಮೂರು ನಾಲ್ಕು ಅಣುಗಳಿಗೆ ಮಾತ್ರ. ಟಿಎಲ್‌ಆರ್8 ಜೋಡಿ ದೊಡ್ಡದು, ಸುತ್ತ ನೀರು ತುಂಬಿದರೆ ಲಕ್ಷಗಟ್ಟಲೆ ಪರಮಾಣು. ಸಾಧಾರಣ ಲ್ಯಾಪ್‌ಟಾಪ್‌ನ ಕೈಲಾಗುವ ಕೆಲಸವಲ್ಲ. ಗೂಗಲ್‌ನ ಉಚಿತ ಕೋಲ್ಯಾಬ್ ಹೆಚ್ಚೆಂದರೆ 12 ಗಂಟೆ ಕೊಡುತ್ತದೆ, ಅದಕ್ಕೂ ಮೊದಲೇ ಕೈ ಕೊಡುವುದುಂಟು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಜಿಪಿಯು ಇರುವ ಲ್ಯಾಬಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇಲ್ಲೇ ಓಡಿಸುವವರು ಜೂನ್‌ನಿಂದ ಆಗಸ್ಟ್ ತನಕ ಕರೆಂಟ್ ನಂಬಬೇಡಿ. ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ. ಎಂಡಿ ಓಡಿಸುವ ಗ್ರೋಮ್ಯಾಕ್ಸ್ ತಾನಾಗಿ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಉಳಿಸುತ್ತದೆ, 5ಕ್ಕೆ ಇಳಿಸಿ. ಮತ್ತೆ ಶುರು ಮಾಡುವಾಗ ಆ ಚೆಕ್‌ಪಾಯಿಂಟ್ ಫೈಲ್ ಕೊಟ್ಟು ಮುಂದುವರಿಸಿ, ಮೊದಲಿನಿಂದ ಓಡಿಸಬೇಡಿ. ಯುಪಿಎಸ್ ಇದ್ದರೆ ಅದು ಕೀ ಎಂದು ಕೂಗಿದ ಕೂಡಲೇ ನಿಲ್ಲಿಸಿಬಿಡಿ.

ನೋಡಬೇಕಾದ್ದು ಮುಖ್ಯವಾಗಿ ಎರಡು. ಗ್ಲೈಸಿನ್ 351, ವ್ಯಾಲಿನ್ 520ರ ಬಂಧಗಳು ಉಳಿದಿವೆಯಾ? ಬಾಲದ ತುದಿಗಳ ದೂರ 53ರ ಆಸುಪಾಸು ನಿಂತಿದೆಯಾ? ಪ್ರೋಟೀನಿನ ಆರ್‌ಎಂಎಸ್‌ಡಿ ಗ್ರಾಫ್ ಸಪಾಟಾಗಿದೆ ಎಂದು ಒಂದು ಪುಟ ತುಂಬಿಸಿದರೆ ಅಣುವಿನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಒಂದೇ ಸಲ ಓಡಿಸಿ ನಿಲ್ಲಿಸಬೇಡಿ. ಒಂದು ಉದ್ದನೆಯದರ ಬದಲು ಮೂರು ಚಿಕ್ಕವು ಮೇಲು. ಲಿಗಾಂಡ್ ಇಲ್ಲದ ಪ್ರೋಟೀನನ್ನೂ ಒಮ್ಮೆ ಓಡಿಸಿ, ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ?

ಹಂತ 10: ಲ್ಯಾಬಿಗೆ ಕೊಡುವಾಗ

ಅಣು ತಯಾರಿಸಿಯೋ ಕೊಂಡುಕೊಂಡೋ ಪರೀಕ್ಷೆಗೆ ಕಳಿಸುವ ಅವಕಾಶ ಸಿಕ್ಕರೆ ಈ ಪರೀಕ್ಷೆಗಳನ್ನು ಒಟ್ಟಿಗೇ ಕೇಳಿ.

1. ಮನುಷ್ಯನ ಟಿಎಲ್‌ಆರ್8 ಇರುವ ಎಚ್‌ಇಕೆ-ಬ್ಲೂ ಜೀವಕೋಶ (ಸಂಕೇತ ಹೊರಟರೆ ನೀಲಿ ಬಣ್ಣ ತೋರಿಸುವಂತೆ ಮಾಡಿದ್ದು), ರೆಸಿಕ್ವಿಮಾಡ್‌ನಿಂದ ಎಬ್ಬಿಸಿ, ನಿಮ್ಮ ಅಣು ಹಾಕಿ. ಬಣ್ಣ ಕಡಿಮೆಯಾದರೆ ಸಂಕೇತ ಕಡಿಮೆಯಾಗಿದೆ.
2. ಅದೇ ಜೀವಕೋಶ, ರೆಸಿಕ್ವಿಮಾಡ್ ಇಲ್ಲದೆ ನಿಮ್ಮ ಅಣು ಮಾತ್ರ. ಬಣ್ಣ ಬಂದರೆ ಅದು ಎಬ್ಬಿಸುವ ಅಣು.
3. ಜೀವಕೋಶ ಬದುಕಿದೆಯಾ ಎಂಬ ಪರೀಕ್ಷೆ, ಎಂಟಿಟಿ ಸಾಕು. ಸತ್ತ ಜೀವಕೋಶವೂ ಬಣ್ಣ ಕೊಡುವುದಿಲ್ಲ. "ತಡೆಕಾರಕ" ಎಂದು ಬೀಗಿದ ಎಷ್ಟೋ ಅಣುಗಳು ಬರೀ ವಿಷ.
4. ಟಿಎನ್‌ಎಫ್‌ನಿಂದ ಎಬ್ಬಿಸಿದ ಜೀವಕೋಶ. ಇಲ್ಲೂ ಬಣ್ಣ ಇಳಿದರೆ ನಿಮ್ಮ ಅಣು ರಿಸೆಪ್ಟರ್ ಬಿಟ್ಟು ಕೆಳಗಿನ ಎಲ್ಲೋ ಹಿಡಿಯುತ್ತಿದೆ.
5. ಟಿಎಲ್‌ಆರ್7 ಮತ್ತು ಟಿಎಲ್‌ಆರ್4 ಇರುವ ಜೀವಕೋಶಗಳು, ಆಯ್ಕೆಯ ಗುಣ ತಿಳಿಯಲು.

ಹೋಲಿಕೆಗೆ ಸಿಯು-ಸಿಪಿಟಿ9ಎ ಪ್ರತಿ ತಟ್ಟೆಯಲ್ಲೂ ಇರಲಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಹೋಲಿಕೆಗೆ ಇಡುವವರೂ ಇದ್ದಾರೆ. ಲೂಪಸ್‌ಗೆ ಅದು ನಿಜಕ್ಕೂ ಕೊಡುವ ಔಷಧಿ, ಆದರೆ ಈ ಪಾಕೆಟ್‌ಗೆ ಕೂತು ಕೆಲಸ ಮಾಡುವ ಅಣುವಲ್ಲ. ಎಂಡೋಸೋಮಿನ ಆಮ್ಲೀಯತೆಯನ್ನೇ ಬದಲಿಸುತ್ತದೆ ಎಂಬುದು ಅದರ ಬಗ್ಗೆ ಇರುವ ಮುಖ್ಯ ವಿವರಣೆಗಳಲ್ಲಿ ಒಂದು. ಇಟ್ಟರೆ ಪಕ್ಕಕ್ಕೆ ಇಡಿ, ಮುಖ್ಯ ಹೋಲಿಕೆ ಆಗಬಾರದು.

ಇಲಿಯಲ್ಲಿ ಪರೀಕ್ಷೆ ಮಾಡೋಣ ಎಂದು ಯಾರಾದರೂ ಹೇಳಿದರೆ ನಿಲ್ಲಿಸಿ ಮಾತಾಡಿ. ಮನುಷ್ಯನ ಟಿಎಲ್‌ಆರ್8 ಎಬ್ಬಿಸುವ ಅಣುಗಳಿಗೆ ಇಲಿಯ ಟಿಎಲ್‌ಆರ್8 ಅದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಅಲ್ಲಿ ಬಂದ ಸೊನ್ನೆಗೆ ಅರ್ಥವಿಲ್ಲ, ಬಂದ ಯಶಸ್ಸಿಗೂ ಅಷ್ಟೇ. ಮುಂದಿನ ಮೆಟ್ಟಿಲು ಮನುಷ್ಯರ ರಕ್ತದ ಬಿಳಿ ಜೀವಕೋಶಗಳು. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಈಗಲೇ ಹಾಕಿ, ತಡವಾಗುತ್ತದೆ.

ಅಣು ಕಳಿಸುವಾಗ ಬಾಟಲಿ ಜೊತೆ ಒಂದು ಹಾಳೆ ಇಡಿ: ಸ್ಮೈಲ್ಸ್, ಉಪ್ಪಿನ ರೂಪವೋ ಅಲ್ಲವೋ, ಶುದ್ಧತೆ (95 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಕಳಿಸಲೇಬೇಡಿ), ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಎಷ್ಟು ಕರಗುತ್ತದೆ, ಮತ್ತು ಹಂತ 7ರಲ್ಲಿ ನಿಮಗೆ ಅನುಮಾನ ಬಂದಿದ್ದರೆ ಆ ಅನುಮಾನ.